ಇಡೀ ಕೇಬಲ್ಲಿಗೆ ಸೊನ್ನೆ

“ಬೋರ್ಡಿಗೆ ಯಾರನ್ ಕೇಳಿ ಕೈ ಹಾಕ್ದಿ? ಹಾಕೀಯಲ್ಲ... ಪೂರ್ತಿ ಹಾಕು!”

ನನ್ನ ಬೆನ್ನಿಗೆ ಕಬ್ಬಿಣದ ಪಾನಾ. ಮೂಗಿನೆದುರು ಬಾಗಿಲು ತೆರೆದ ಪ್ಯಾನಲ್. ನಾಲ್ಕುನೂರಾ ಹದಿನೈದು ವೋಲ್ಟ್!

ಪಾನಾ ಹಿಡಿದವನು ಸುನೀಲಕುಮಾರ. ಕಮಲಾಪುರದ ಈ ದಾಲ್ ಮಿಲ್ಲಿನ ಸೂಪರ್‌ವೈಸರ್. ಪಕ್ಕದಲ್ಲಿ ಚಹಾ ಹೀರುತ್ತಿದ್ದವನು ಮಾಲೀಕ ಯಶವಂತ. ನಾನು? ವಿಮೆ ಕಂಪನಿಗಳಿಗೆ ಸುಳ್ಳು ಹುಡುಕಿ ಕೊಡುವವನು.

ಈ ಮಿಲ್ಲಿಗೆ ಕೆಲಸಕ್ಕೆ ಬಂದಿದ್ದ, ಕಲಬುರಗಿ ಖೂಬಾ ಪ್ಲಾಟ್‌ನ ಎಲೆಕ್ಟ್ರಿಷಿಯನ್ ಗುಫ್ರಾನ್ ಆಸ್ಪತ್ರೆಯಲ್ಲಿದ್ದ. ಬಲಗೈ ಮೊಣಕೈತನಕ ಸುಟ್ಟಿತ್ತು. ‘ನಾವು ತೋರಿಸಿದ ಕೇಬಲ್ ಬಂದ್ ಇತ್ತು, ಮೀಟರಿನಲ್ಲಿ ಸೊನ್ನೆ ಬಂದಿತ್ತು. ಕುಡಿದು ಬಂದು ಬೇರೆ ಕೇಬಲ್ ಕತ್ತರಿಸಿದ’ ಎಂದು ಇವರು ಪೊಲೀಸರಿಗೆ ಬರೆದುಕೊಟ್ಟಿದ್ದರು. ಆ ಮಾತು ನಿಂತರೆ ಕೈಯ ಜೊತೆ ಮಾನವೂ ಹೋದಂತೆ.

“ಅವತ್ತು ಮೀಟರ್ ಹೆಂಗ ಹಿಡಿದ್ರಿ, ತೋರಸ್ರಿ ಸುನೀಲಣ್ಣ.” ಪಾನಾ ಬೆನ್ನಿಗಿರುವಾಗಲೇ ಕೆಣಕಿದೆ.

“ತೋರಸ್ತೀನಿ! ನಿನ್ನಂಗ ಬರೇ ಪೆನ್ನು ಹಿಡ್ಯಾಂವ ಅಲ್ಲ ನಾ!”

ಗೋಡೆಗುಂಟ ಹೋಗಿದ್ದ ದಪ್ಪ ಕೇಬಲ್ಲೊಂದನ್ನು ತೋರಿಸಿದೆ. ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯಿ ಅಗಲಿಸಿ ಇಡೀ ಕೇಬಲ್ಲಿಗೆ ಕಚ್ಚಿಸಿದ.

ಸೊನ್ನೆ!

“ನೋಡು. ಬಂದ್ ಐತಿ. ಕತ್ತರಿಸಿ ತೋರಸ್ಲೇನು?”

ಕಟರ್ ಎತ್ತಿಯೇ ಬಿಟ್ಟ! ಪಾಪಿ, ನಿಜಕ್ಕೂ ನಂಬಿದ್ದ... ಗೋಡೆಯಾಚೆ ಮೋಟಾರು ಓಡುತ್ತಿದ್ದುದು ಅದೇ ಕೇಬಲ್ಲಿನಿಂದ!

ಅವನ ಕೈಗೆ ಒದ್ದೆ. ಕಟರ್ ಮೂಲೆಗೆ ಹಾರಿತು.

ಮೀಟರ್ ಕಸಿದುಕೊಂಡೆ. ಪ್ಯಾನಲ್ಲಿನಲ್ಲಿ ಅದೇ ಕೇಬಲ್ಲಿನ ಮೂರು ವೈರು ಬಿಡಿಬಿಡಿಯಾಗಿದ್ದವು. ಒಂದಕ್ಕೇ ಕಚ್ಚಿಸಿದೆ.

ಮೂವತ್ತೊಂದು ಆಂಪಿಯರ್.

“ಮೂರೂ ವೈರು ಒಟ್ಟಿಗೆ ಹಿಡಿದ್ರ ಹೋಗೋ ಕರೆಂಟು, ಬರೋ ಕರೆಂಟು ಒಂದನ್ನೊಂದು ತಿಂದುಹಾಕ್ತಾವ. ಸೊನ್ನೆ ಬರ್ತದ. ಲೈನ್ ಸತ್ತದ ಅಂತಲ್ಲ!”

ದಸರೆಯ ಖಂಡೆಪೂಜೆಯಲ್ಲಿ ಮೀಟರಿನ ಬೆನ್ನಿಗೆ ಮೆತ್ತಿದ್ದ ಕುಂಕುಮ ಒರೆಸಿದೆ. ಕೆಳಗೆ, ಹೇಗೆ ಹಿಡಿಯಬೇಕೆಂಬ ಚಿತ್ರ. ಬಾಯೊಳಗೆ ಒಂದೇ ಒಂದು ವೈರು. ಪೂಜೆ ಮಾಡಿದ್ದರು, ಓದಿರಲಿಲ್ಲ.

ಸುನೀಲನ ಮುಖ ಬೂದಿಯಾಯಿತು.

“ಮಾಲಕರೇ ಕಲಿಸ್ಯಾರ್ರಿ ಹಿಂಗ ಹಿಡಿಯೂದು! ಪ್ಯಾನಲ್ ಬಿಚ್ಚಾಕ ಮಿಲ್ ನಿಲ್ಲಸಬೇಕಾಗ್ತದ, ಹೊರಗಿಂದೇ ನೋಡು ಅಂದ್ರು. ಹಂಗಾರ ಗುಫ್ರಾನ್ ಭಾಯ್ ಕತ್ತರಿಸಿದ್ದು ನಾ ತೋರಿಸಿದ್ದೇ ಕೇಬಲ್...”

ನನ್ನ ಜೇಬಿನಲ್ಲಿದ್ದ ಫೋನು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಆ ರೆಕಾರ್ಡಿಂಗನ್ನು ಅಲ್ಲಿಂದಲೇ ಠಾಣೆಗೆ ಕಳಿಸಿದೆ. ಗುಫ್ರಾನನ ಮಾನ ಉಳಿಯಿತು. ಕೈ ಡಾಕ್ಟರಿಗೆ ಬಿಟ್ಟದ್ದು.

ಯಶವಂತ ಚಹಾ ಮುಗಿಸಿ, ಮೀಸೆ ಒರೆಸಿಕೊಂಡ. ಅಳುತ್ತ ನಿಂತ ಸುನೀಲನ ಕಡೆ ತಿರುಗಿಯೂ ನೋಡಲಿಲ್ಲ.

“ಸಾಹೇಬ್ರ... ಒಳ್ಳೇ ಸೂಪರ್‌ವೈಸರ್ ಯಾರರ ಅದಾರೇನ್ರಿ ನಿಮ್ಮ ಕಡೆ?”

ಕಟರನ್ನು ಸುಮ್ಮನೆ ಒದ್ದೆ ಅನ್ನಿಸಿತು. ‘ನೀವೇ ಕತ್ತರಿಸ್ರಿ’ ಎಂದು ಯಶವಂತನ ಕೈಗೆ ಕೊಡಬಹುದಿತ್ತು.