ಏಳೂ ಮುಕ್ಕಾಲರ ದಾರ

ಆರು ಮನೆಯವರ ದಾರದ ರೀಲು ಇನ್ನೂ ಅರ್ಧದಷ್ಟು ಉಳಿದಿತ್ತು. ಏಳನೆಯ ಮನೆಯವರದು ಮಾತ್ರ ಎರಡೇ ವಾರಕ್ಕೆ ಬರೀ ಕೊಳವೆಯಾಗಿ ಉಳಿದಿತ್ತು.

"ಇನ್ನೊಂದು ರೀಲು ಸಿಗುತ್ತಾ ಮೇಡಂ?" ಕನ್ನಡಕದ ಅಂಗಡಿಯವನು ಆ ಕೊಳವೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಕೇಳಿದ. ಕೇಳುವಾಗ ಅವನ ಎಡಗಣ್ಣಿನ ಪಕ್ಕ ಒಂದು ಸಣ್ಣ ನಗೆ ಮಡಿಕೆ ಬಿತ್ತು. ಆ ಮಡಿಕೆಯನ್ನು ನೋಡಬಾರದೆಂದು ಮೇಡಂ ಕಳೆದ ಭಾನುವಾರವೇ ತೀರ್ಮಾನ ಮಾಡಿದ್ದಳು. ಆದರೂ ನೋಡಿದಳು.

ಮೇಡಂ ಎಂದರೆ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕಗಳನ್ನು ನೋಡಿಕೊಳ್ಳುವವಳು. ಭಾನುವಾರ ಬೆಳಿಗ್ಗೆ ಅಲ್ಲಿನ ಮಹಡಿ ಕೋಣೆಯಲ್ಲಿ ಏಳು ಸಂಸಾರಗಳನ್ನು ಕೂರಿಸಿಕೊಂಡು, ಫೋನು ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡುವುದನ್ನು ಕಲಿಸುತ್ತಿದ್ದಳು. ಅವಳ ನಿಯಮ ಕಡ್ಡಿ ಮುರಿದಂತೆ ಸ್ಪಷ್ಟ. ಸಂಜೆ ಏಳಕ್ಕೆ ಮನೆಯ ಎಲ್ಲ ಫೋನುಗಳೂ ಅವಳು ಕೊಟ್ಟ ಬಟ್ಟೆಚೀಲದೊಳಗೆ ಹೋಗಬೇಕು, ಚೀಲದ ಬಾಯಿಗೆ ಕೆಂಪು ದಾರದ ಹೊಲಿಗೆ ಬೀಳಬೇಕು. ಕತ್ತರಿ ಮುಟ್ಟುವುದು ಒಂಬತ್ತಕ್ಕೇ. ಊಟದ ಹೊತ್ತಿಗೆ ಮಾತಿಗೊಂದು ಎಳೆ ಇರಲಿ ಎಂದು ಏಳೂವರೆಗೆ ಗುಂಪಿಗೆಲ್ಲ ಒಂದು ಪ್ರಶ್ನೆ ಕಳಿಸುತ್ತಿದ್ದಳು.

ಹಿಂದಿನ ತಂಡದಲ್ಲಿ ಚೀಲ, ಹೊಲಿಗೆ ಇರಲಿಲ್ಲ. ಫೋನನ್ನು ಒಂದು ಡಬ್ಬಿಗೆ ಹಾಕಿದರೆ ಸಾಕಿತ್ತು. ಒಬ್ಬ ಮಹಾಶಯ ಕೆಟ್ಟುಹೋದ ಹಳೇ ಫೋನನ್ನು ಡಬ್ಬಿಗೆ ಹಾಕಿ, ಅಸಲಿ ಫೋನನ್ನು ಸ್ನಾನದ ಮನೆಯಲ್ಲಿಟ್ಟುಕೊಂಡು ಒಂದು ತಿಂಗಳು ಅವಳನ್ನು ಮಂಗ ಮಾಡಿದ್ದ. ಅವತ್ತಿನಿಂದ ಅವಳು ಯಾರನ್ನೂ ನಂಬುತ್ತಿರಲಿಲ್ಲ. ಮುಖ ಚೆನ್ನಾಗಿದ್ದವರನ್ನಂತೂ ಇನ್ನೂ ಕಡಿಮೆ.

"ಎರಡು ವಾರಕ್ಕೆ ಒಂದು ರೀಲು ಹೇಗೆ ಮುಗಿಯುತ್ತೆ?"

"ನಮ್ಮಮ್ಮ ಸ್ವಲ್ಪ ಒತ್ತಾಗಿ ಹೊಲೀತಾರೆ."

ಪಕ್ಕದಲ್ಲಿ ಕೂತಿದ್ದ ಅವನ ಅಮ್ಮ ಕಿಟಕಿಯ ಕಡೆ ತಿರುಗಿದರು. ಅವನ ಅಕ್ಕನ ಮಗಳು, ಹದಿಮೂರು ವರ್ಷದ ಪುಟ್ಟಿ, ಓದಿಗೆಂದು ಈ ಮನೆಯಲ್ಲಿದ್ದವಳು, ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲ ವಾರ ಈ ಹುಡುಗಿ ತುಟಿಪಿಟಕ್ಕೆಂದಿರಲಿಲ್ಲ. ಈಗ ನಗುತ್ತಿದೆ. ನಗುವುದು ಒಳ್ಳೆಯದೇ, ಆದರೆ ಈ ನಗು ಕಳ್ಳನಗು.

ಮೇಡಂ ರೀಲು ಕೊಟ್ಟಳು. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅದಕ್ಕೂ ಅವನೇ ಕಾರಣ ಎಂದು ಮನಸ್ಸಿನಲ್ಲೇ ಬರೆದುಕೊಂಡಳು.

ಅವತ್ತು ಸಂಜೆ ಮನೆಯಲ್ಲಿ ಒಬ್ಬಳೇ ಕೂತು ಪ್ರಶ್ನೆ ಕಳಿಸಿ, ಆ ಮೆಸೇಜನ್ನು ಯಾರು ಓದಿದರೆಂದು ಒತ್ತಿ ನೋಡಿದಳು. ಏಳೂ ಮುಕ್ಕಾಲಕ್ಕೆ ಒಂದೇ ಒಂದು ಹೆಸರು ಬಂತು. ಕನ್ನಡಕದವನದು.

ಸಿಕ್ಕಿದ ಕಳ್ಳ! ಚೀಲದೊಳಗಿರಬೇಕಾದ ಫೋನು ಏಳೂ ಮುಕ್ಕಾಲಕ್ಕೆ ಅವನ ಕೈಯಲ್ಲಿದೆ. ಸೋಮವಾರವೂ ಅಷ್ಟೇ, ಮಂಗಳವಾರವೂ ಅಷ್ಟೇ. ದಿನಾ ಅದೇ ಹೊತ್ತಿಗೆ ಚೀಲ ಬಿಚ್ಚಿ ಮತ್ತೆ ಹೊಲಿಯುವಷ್ಟು ಆತುರ ಯಾರಿಗಾಗಿ? ಯಾರೋ ಕಾಯುತ್ತಿರಬೇಕು. ಯಾರೋ ಒಬ್ಬಳು.

ಅದು ಹೊಟ್ಟೆಕಿಚ್ಚೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೆ ಸಿಟ್ಟೂ ಬಂತು.

ಬುಧವಾರ ಮಧ್ಯಾಹ್ನ ಕಣ್ಣು ತೋರಿಸುವ ನೆಪದಲ್ಲಿ ಅಂಗಡಿಗೇ ಹೋದಳು. ಅವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಸಣ್ಣ ದೀಪ ಹಿಡಿದ.

"ನೇರ ನನ್ನ ಕಣ್ಣು ನೋಡಿ."

ನೋಡಿದಳು. ಜೇನಿನ ಬಣ್ಣದ ಕಣ್ಣು. ಸುಳ್ಳು ಹೇಳುವವರ ಕಣ್ಣು ಹೀಗಿರಬಾರದಿತ್ತು.

"ಈಗ ಕೆಳಗಿನ ಸಾಲು ಓದಿ."

ಅವಳ ಕಣ್ಣು ಕೌಂಟರಿನ ಮೇಲೆ ಮಲಗಿದ್ದ ಅವನ ಫೋನಿನ ಮೇಲಿತ್ತು.

"ಮೇಡಂ, ಚಾರ್ಟು ಈ ಕಡೆ ಇದೆ."

ಅವಳು ಕಿವಿಯವರೆಗೆ ಕೆಂಪಾದಳು. ಅವನು ದೀಪ ಆರಿಸಿ, ಚೀಟಿಯಲ್ಲಿ ಏನೋ ಬರೆದ. "ನಂಬರ್ ಏನೂ ಇಲ್ಲ. ಕಣ್ಣು ಒಣಗಿದೆ ಅಷ್ಟೆ. ಸಂಜೆ ಹೊತ್ತು ಫೋನ್ ತುಂಬ ನೋಡ್ತೀರಾ?"

"ನಾನಾ? ನನ್ನನ್ನ ಕೇಳ್ತಿದೀರಾ?"

"ಕಣ್ಣು ಹೇಳ್ತಿದೆ. ನಾನಲ್ಲ."

"ನಿಮ್ಮ ಫೋನು ಸಂಜೆ ಎಲ್ಲಿರುತ್ತೆ?"

ಅವನ ಪೆನ್ನು ಒಂದು ಕ್ಷಣ ನಿಂತಿತು. "ಚೀಲದಲ್ಲಿ," ಎಂದ. ಅವಳ ಕಣ್ಣು ನೋಡಲಿಲ್ಲ.

ಅಷ್ಟು ಸಾಕಾಗಿತ್ತು. ಶುಕ್ರವಾರ ಅವಳು ಗಟ್ಟಿ ಮನಸ್ಸು ಮಾಡಿದಳು. ಕೈಗೆ ಸಿಕ್ಕಿಬಿದ್ದರೆ ಆ ಮನೆಯನ್ನು ತಂಡದಿಂದ ತೆಗೆಯುವುದು. ಪುಟ್ಟಿಯ ನಗು ನೆನಪಾಗಿ ಚಪ್ಪಲಿ ಮೆಟ್ಟಲು ತಡಮಾಡಿದಳು. ಅವನನ್ನು ಮತ್ತೆ ಭಾನುವಾರ ನೋಡುವಂತಿಲ್ಲ ಎಂಬುದು ನೆನಪಾದಾಗ ಮೆಟ್ಟಿದ್ದನ್ನೂ ಬಿಚ್ಚಿದಳು. ಆದರೆ ಒಬ್ಬರಿಗೆ ಸಡಿಲ ಬಿಟ್ಟರೆ ಉಳಿದ ಆರು ಮನೆಯವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ದಾರಿಯಲ್ಲಿ ನಡೆಯುತ್ತಲೇ ಏಳೂವರೆಯ ಪ್ರಶ್ನೆ ಕಳಿಸಿದಳು. ಅವನ ಮನೆ ಮುಟ್ಟಿದಾಗ ಏಳೂ ಮುಕ್ಕಾಲಕ್ಕೆ ಒಂದು ನಿಮಿಷವಿತ್ತು.

ಬೀದಿ ಕಡೆಯ ಕಿಟಕಿ ತೆರೆದಿತ್ತು. ಒಳಗೆ ಊಟದ ಮೇಜು, ಮೂರು ತಟ್ಟೆ. ಅಮ್ಮ, ಪುಟ್ಟಿ ಇಬ್ಬರೂ ಕತ್ತು ಚಾಚಿ ಕಾಯುತ್ತಿದ್ದರು. ಅವನು ಕತ್ತರಿ ತೆಗೆದುಕೊಂಡು ಚೀಲದ ಹೊಲಿಗೆ ಕತ್ತರಿಸಿದ. ಫೋನು ತೆಗೆದ. ಓದಿದ. ಎಡಗಣ್ಣಿನ ಪಕ್ಕ ಆ ಮಡಿಕೆ ಬಿತ್ತು. ಓದಿ ಮುಗಿದರೂ ಅದನ್ನೇ ನೋಡುತ್ತ ಇನ್ನೊಂದಿಷ್ಟು ಹೊತ್ತು ಕೂತ.

ಅವಳು ತಳ್ಳಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು.

"ಯಾರದು ಆ ಮೆಸೇಜು?"

ಮೂವರೂ ಕಕ್ಕಾಬಿಕ್ಕಿಯಾದರು. ಅವನು ಎದ್ದು ನಿಂತ. "ಮೇಡಂ, ಕೂತ್ಕೊಳ್ಳಿ, ಹೇಳ್ತೀನಿ..."

"ಹೇಳೋದು ಬೇಡ. ತೋರಿಸಿ."

ಅವನು ಫೋನನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಅವಳದೇ ಮಾತಿತ್ತು. 'ನಿಮಗೆ ಗೊತ್ತಾಗದಂತೆ ನಿಮಗಾಗಿ ನಿಮ್ಮ ಮನೆಯವರು ಮಾಡುವ ಒಂದು ಕೆಲಸ ಯಾವುದು?' ಅದರ ಮೇಲೆ ನಿನ್ನೆಯ ಪ್ರಶ್ನೆ. ಅದರ ಮೇಲೆ ಮೊನ್ನೆಯದು.

"ಇದು ನನ್ನದು," ಎಂದಳು ಬೆಪ್ಪಾಗಿ.

"ಹೌದಕ್ಕಾ," ಎಂದಳು ಪುಟ್ಟಿ. "ನಿಮ್ಮ ಪ್ರಶ್ನೆ ಏಳೂವರೆಗೆ ಬರುತ್ತೆ. ಫೋನ್‌ಗಳು ಏಳಕ್ಕೇ ಚೀಲದೊಳಗೆ ಹೋಗಿರುತ್ತೆ. ಬಿಚ್ಚದೆ ಓದೋದು ಹೇಗೆ?"

ಮೇಜಿನ ಮೇಲಿದ್ದ ಕತ್ತರಿ, ಕತ್ತರಿಸಿದ ಕೆಂಪು ದಾರದ ತುಂಡು, ತನ್ನ ಕೈಯಲ್ಲಿದ್ದ ಫೋನು ಎಲ್ಲವನ್ನೂ ಅವಳು ಒಂದೊಂದಾಗಿ ನೋಡಿದಳು. ಮುಚ್ಚಳ ತೆಗೆದು ಪ್ರಶ್ನೆ ಓದಬಹುದಾಗಿದ್ದ ಡಬ್ಬಿ ಹೋಗಿ ಹೊಲಿಗೆ ಬಂದಿತ್ತು. ಪ್ರಶ್ನೆ ಕಳಿಸುವ ಹೊತ್ತು ಮಾತ್ರ ಹಳೆಯದೇ ಉಳಿದಿತ್ತು.

"ಹಾಗಾದ್ರೆ ಬೇರೆಯವರು? ದಿನಾ ಬೆಳಿಗ್ಗೆ 'ತುಂಬ ಚೆನ್ನಾಗಿತ್ತು ಮೇಡಂ' ಅಂತ ಬರೀತಾರಲ್ಲ?"

"ಅವರು ಒಂಬತ್ತರ ಮೇಲೆ ಓದಿ, ಮರ್ಯಾದೆಗೆ ಬರೀತಾರಮ್ಮ," ಎಂದರು ಅಮ್ಮ, ಇನ್ನೊಂದು ತಟ್ಟೆ ಇಡುತ್ತ. "ನಮ್ಮನೇಲಿ ಹಾಗಾಗಲ್ಲ. ನಿನ್ನ ಪ್ರಶ್ನೆ ಬರ್ದೇ ಇದ್ರೆ ಇವಳು ಬಾಯಿ ಬಿಡಲ್ಲ. ಮೊನ್ನೆ ಅವಳಮ್ಮ ನೆನಪಾಗ್ತಾಳೆ ಅಂತ ಮೊದಲ ಸಲ ಹೇಳಿ ಅತ್ಲು. ನಾನು ಒತ್ತಾಗಿ ಹೊಲಿಯೋದೂ ಸುಳ್ಳು. ನನಗೆ ಸೂಜಿಗೆ ದಾರ ಪೋಣಿಸೋಕೇ ಕಣ್ಣು ಕಾಣಲ್ಲ."

ಮೇಡಂಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ ಬಂತು. ಕುರ್ಚಿ ಎಳೆದುಕೊಂಡು ಕೂತಳು.

"ಒಂದು ಮಾತು ಹೇಳಬಾರದಿತ್ತಾ ನನಗೆ? ಎಷ್ಟು ದಿನದಿಂದ ನಿಮ್ಮನ್ನ ಕಳ್ಳ ಅಂದ್ಕೊಂಡಿದೀನಿ!"

"ಮೊದಲನೇ ದಿನವೇ ಹೇಳೋಣ ಅಂತಿದ್ದೆ." ಅವನು ದಾರದ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಹೇಳಿದ್ರೆ ನೀವು ಆರಕ್ಕೇ ಕಳಿಸ್ತಿದ್ರಿ, ಏಳು ಮನೆಯವರೂ ಒಟ್ಟಿಗೇ ಓದ್ತಿದ್ರು. ಹೀಗಾದ್ರೆ..." ಅವನು ತಡವರಿಸಿದ. ಅಮ್ಮನಿಗೆ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ಕೆಲಸ ನೆನಪಾಯಿತು. ಪುಟ್ಟಿ ಮಾತ್ರ ಅಲುಗಲಿಲ್ಲ. "ಏಳೂ ಮುಕ್ಕಾಲಕ್ಕೆ ಅದನ್ನ ಓದೋನು ನಾನೊಬ್ಬನೇ. ನನಗೊಬ್ಬನಿಗೇ ಬರೆದ ಹಾಗಿರ್ತಿತ್ತು. ತಪ್ಪೇ. ಆರು ಮನೆಯವರಿಗೆ ಮೋಸ ಮಾಡಿದೀನಿ. ತಂಡದಿಂದ ನನ್ನನ್ನ ತೆಗೀರಿ, ಇವಳನ್ನ ಮಾತ್ರ ತೆಗೀಬೇಡಿ."

ಇಷ್ಟು ದಿನ ಪ್ರತಿ ಸಂಜೆ ಆ ಒಂದು ಹೆಸರು ಬರುವವರೆಗೆ ತಾನೂ ಊಟಕ್ಕೆ ಕೂತಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಕಳ್ಳನನ್ನು ಕಾಯುವುದಕ್ಕೆ ಯಾರೂ ತಲೆ ಬಾಚಿಕೊಂಡು ಕೂರುವುದಿಲ್ಲ. ಅವಳು ಕೂರುತ್ತಿದ್ದಳು.

"ನನ್ನ ಕಣ್ಣು ಒಣಗಿದ್ದು ಅದಕ್ಕೇ," ಎಂದಳು ಮೆಲ್ಲಗೆ. "ದಿನಾ ಏಳೂವರೆಯಿಂದ ನಿಮ್ಮ ಹೆಸರು ಬರುತ್ತಾ ಅಂತ ನೋಡ್ತಾ ಕೂತಿರ್ತಿದ್ದೆ. ನೀವು ನನಗೆ ಇಷ್ಟ. ಅದಕ್ಕೇ ಇಷ್ಟು ಅನುಮಾನ."

ಪುಟ್ಟಿ ಸಂಭ್ರಮ ತಡೆಯಲಾರದೆ ಮೇಜು ಕುಟ್ಟಿದಳು. ಅವನು ಚೀಲದ ಬಾಯಿ ಅಗಲಿಸಿ ಮೇಡಂ ಮುಂದೆ ಹಿಡಿದ.

ಅವಳು ತನ್ನ ಫೋನನ್ನು ಅದರೊಳಗೆ ಹಾಕಿದಳು. ಅವನೂ ತನ್ನದನ್ನು ಹಾಕಿದ. ಪುಟ್ಟಿ ಸೂಜಿಗೆ ಕೆಂಪು ದಾರ ಪೋಣಿಸಿದಳು.

"ನಾಳೆಯಿಂದ ಪ್ರಶ್ನೆ ಆರಕ್ಕೇ ಹೋಗುತ್ತೆ, ಏಳೂ ಮನೆಗೆ," ಎಂದಳು ಮೇಡಂ.

ಅವನ ಮುಖ ಸಪ್ಪಗಾಯಿತು. "ಏಳೂ ಮುಕ್ಕಾಲಕ್ಕೆ?"

"ಏಳೂ ಮುಕ್ಕಾಲಕ್ಕೆ ನಾನೇ ಬರ್ತೀನಿ. ಆ ಪ್ರಶ್ನೆ ನಿಮಗೊಬ್ಬರಿಗೇ."

ಆ ರೀಲು ಆಮೇಲೆ ಅಷ್ಟು ಬೇಗ ಮುಗಿಯಲಿಲ್ಲ.