ಹನ್ನೊಂದು ಮನೆ ಕಂಡ ಬನ್ನು

ಓಸ್ಲೋ ನಗರದ ಟೋಯೆನ್ ಬಡಾವಣೆಯ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಕಳೆದ ನವೆಂಬರ್ ಹದಿನೇಳರ ಭಾನುವಾರ ಮಧ್ಯಾಹ್ನ, ನಾಲ್ಕನೇ ಮಹಡಿಯ ಮನೆಯೊಂದರ ಓವನ್‌ನಲ್ಲಿ ಕರ್ತವ್ಯದ ಮೇಲಿದ್ದ ನಾಲ್ಕು ದಾಲ್ಚಿನ್ನಿ ಬನ್ನುಗಳು ಕಾಣೆಯಾಗಿವೆ. ವಯಸ್ಸು ಅಂದಾಜು ಐದು ತಿಂಗಳು. ಮೈಬಣ್ಣ ಕಂದು. ಕೊನೆಯ ಬಾರಿ ಕಂಡಾಗ ಮೈಮೇಲೆ ಸಕ್ಕರೆ ಇತ್ತು.

ಪಿರ್ಯಾದು ಠಾಣೆಗೆ ಬಂದದ್ದು ಬುಧವಾರ ಬೆಳಿಗ್ಗೆ. ತಂದವನು ಮನೆ ಮಾರಾಟದ ಬ್ರೋಕರ್ ಹೆನ್ನಿಂಗ್ ಸ್ಕಾರ್. ಮೊನಚು ಬೂಟು, ಮೊನಚು ಗಡ್ಡ, ಮೂಗಿನ ಮೇಲೆ ಕರವಸ್ತ್ರ. ಇನ್‌ಸ್ಪೆಕ್ಟರ್ ನುಸ್ರತ್ ವರೈಚ್ ಎಫ್‌ಐಆರ್ ಪುಸ್ತಕ ತೆರೆದರು. ಅವರು ಹುಟ್ಟಿ ಬೆಳೆದದ್ದು ಇದೇ ಟೋಯೆನ್‌ನಲ್ಲಿ. ಇಲ್ಲಿ ಮನೆ ಕೊಳ್ಳಲು ಸಂಬಳ ಸಾಲದೆ, ರೈಲು ಹತ್ತಿ ಬರುವಷ್ಟು ದೂರದಲ್ಲಿ ಕೊಂಡಿದ್ದರು.

"ಕಳುವಾದ ಮಾಲಿನ ಬೆಲೆ?"

"ಬೆಲೆ ಕಟ್ಟಕ್ಕಾಗಲ್ಲ ಮೇಡಂ. ಆ ನಾಲ್ಕು ಬನ್ನು ಹನ್ನೊಂದು ಮನೆ ಮಾರಿವೆ."

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮನೆ ನೋಡಲು ಜನ ಬರುವ ಭಾನುವಾರ ಓವನ್‌ನಲ್ಲಿ ಬನ್ನು ಬಿಸಿ ಮಾಡಿದರೆ ಘಮ ಏಳುತ್ತದೆ. ಘಮ ಎದ್ದರೆ ಬೆಲೆ ಏಳುತ್ತದೆ. ಹೆನ್ನಿಂಗ್ ಅವನ್ನು ಯಾರಿಗೂ ತಿನ್ನಲು ಕೊಡುವುದಿಲ್ಲ; ಕೆಲಸ ಮುಗಿದ ಮೇಲೆ ಫ್ರೀಜರ್‌ಗೆ, ಮುಂದಿನ ಭಾನುವಾರ ಮತ್ತೊಂದು ಮನೆಯ ಓವನ್‌ಗೆ. ಈ ಸಲ ಗೇಟಿನ ಬಳಿ ಬೋರ್ಡು ನಿಲ್ಲಿಸಿ ಬರುವಷ್ಟರಲ್ಲಿ ಬನ್ನು ಮಾಯ. ಅದರ ಜಾಗಕ್ಕೆ ಒಂದು ದುರ್ನಾತ ಬಂದು ಕೂತಿತ್ತು. ಭಾನುವಾರ ಮೂವತ್ತು ಜನ ಬಂದು ಮೂಗು ಮುಚ್ಚಿಕೊಂಡು ಹೋದರು. ಮಂಗಳವಾರ ಸಂಜೆಯ ಎರಡನೇ ಪ್ರದರ್ಶನಕ್ಕೆ ನಾತ ಇನ್ನೂ ಬಲಿತಿತ್ತು. ವಾಸಕ್ಕೆ ಬಂದವರೆಲ್ಲ ವಾಸನೆಗೆ ಓಡಿದರು.

ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಲಾಯಿತು. ಹೆನ್ನಿಂಗ್ ದನಿ ತಗ್ಗಿಸಿದ. ಆ ಕಟ್ಟಡದಲ್ಲಿ ಏಳು ದೇಶದ ಅಡುಗೆಮನೆಗಳಿವೆ, ತಾನು ಯಾರ ಜನಾಂಗದ ಬಗ್ಗೆಯೂ ಏನೂ ಹೇಳುತ್ತಿಲ್ಲ, ಆದರೆ ಏಳು ದೇಶದ ಅಡುಗೆಮನೆಗಳಿವೆ ಎಂದ. ಇನ್‌ಸ್ಪೆಕ್ಟರ್ ಅವನ ಜಾಹೀರಾತನ್ನು ಫೋನಿನಲ್ಲಿ ತೆಗೆದು ನೋಡಿದರು. 'ಹಲವು ಸಂಸ್ಕೃತಿಗಳು ನಲಿಯುವ ರಂಗುರಂಗಿನ ನೆರೆಹೊರೆ' ಎಂದಿತ್ತು. ಜಾಹೀರಾತಿನಲ್ಲಿ ಆಕರ್ಷಣೆಯಾಗಿದ್ದವರೇ ಪಿರ್ಯಾದಿನಲ್ಲಿ ಶಂಕಿತರಾಗಿದ್ದರು.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್ಸ್‌ಟೇಬಲ್ ಓಡ್‌ವಾರ್ ಬ್ರೆಕ್ಕೆ ಜೊತೆ ಸ್ಥಳಕ್ಕೆ ಹೋದರು; ಹೆನ್ನಿಂಗ್ ಕೂಡ ಹಿಂದೆಯೇ ಬಂದ. ಬಾಗಿಲು ತೆಗೆದವಳು ಬಾಡಿಗೆದಾರಳು ಹೊದನ್. ಸೊಮಾಲಿಯಾ ಮೂಲದವಳು, ವೃದ್ಧಾಶ್ರಮದಲ್ಲಿ ನರ್ಸು, ಇಬ್ಬರು ಮಕ್ಕಳ ತಾಯಿ. ಮನೆ ಅವಳದಲ್ಲ. ಮಾಲೀಕ ದೂರದ ಟ್ರೋಮ್ಸೋದಲ್ಲಿದ್ದಾನೆ. ಕಟ್ಟಡದ ನಿವಾಸಿಗಳ ಸೊಸೈಟಿಯ ನಿಯಮದ ಪ್ರಕಾರ ಮೂರು ವರ್ಷಕ್ಕಿಂತ ಹೆಚ್ಚು ಬಾಡಿಗೆಗೆ ಕೊಡುವಂತಿಲ್ಲವೆಂದು ಮಾರುತ್ತಿದ್ದಾನೆ. ಕೇಳುತ್ತಿರುವುದು ನಲವತ್ತೆರಡು ಲಕ್ಷ ಕ್ರೋನ. ಹೊದನ್‌ಗೆ ಬ್ಯಾಂಕು ಕೊಡುವುದು ಮೂವತ್ತೊಂದು. ಅಷ್ಟಕ್ಕೇ ಅವಳು ಮಂಗಳವಾರ ರಾತ್ರಿ ಒಂದು ಬಿಡ್ ಹಾಕಿದ್ದಳು. ಬಂದದ್ದು ಅದೊಂದೇ. ಅದು ಒಪ್ಪಿಗೆಯಾಗದಿದ್ದರೆ ಹೊಸ ವರ್ಷದೊಳಗೆ ಮಕ್ಕಳ ಶಾಲೆ ಬಿಡಿಸಿ ಊರಾಚೆ ಹೋಗಬೇಕು.

ಅಂದರೆ ನಾತದಿಂದ ಲಾಭವಿದ್ದದ್ದು ಒಬ್ಬಳಿಗೆ ಮಾತ್ರ. ಹೆನ್ನಿಂಗ್ ಕಣ್ಣಿನಲ್ಲೇ ಇನ್‌ಸ್ಪೆಕ್ಟರ್‌ಗೆ ಅವಳನ್ನು ತೋರಿಸಿದ.

ಆದರೆ ಹೊದನ್‌ಳ ಕೈ ನೋಡಿದರೆ ಬೆರಳ ಚರ್ಮ ಸುಲಿದಿತ್ತು. ಇದು ತನ್ನ ಅಡುಗೆಯ ವಾಸನೆಯೆಂದು ಬ್ರೋಕರ್ ಹೇಳಿದ್ದನ್ನು ನಂಬಿ, ಮೂರು ದಿನದಿಂದ ಬ್ಲೀಚಿನಲ್ಲಿ ನೆಲ ಉಜ್ಜಿದ್ದಳು. ನವೆಂಬರ್ ಚಳಿಯಲ್ಲಿ ಕಿಟಕಿ ತೆರೆದಿಟ್ಟು ಮಕ್ಕಳಿಗೆ ಕೋಟು ಹಾಕಿಸಿ ಮಲಗಿಸಿದ್ದಳು.

ಸೊಸೈಟಿ ಅಧ್ಯಕ್ಷ ಸ್ವೆರ್ರೆ ಲುಂಡೆ ಮತ್ತು ಹೊದನ್‌ರನ್ನು ಪಂಚರನ್ನಾಗಿ ಕೂರಿಸಿ ಪಂಚನಾಮೆ ಶುರುವಾಯಿತು. ಓಡ್‌ವಾರ್ ನೆಲಕ್ಕೆ ಮೂಗು ಹಚ್ಚಿ ಅಡುಗೆಮನೆ ಪೂರ್ತಿ ತೆವಳಿದ. ಸಿಂಕಿನ ಕೆಳಗಿನ ಹಲಗೆ ಕಿತ್ತಾಗ, ಬಿಸಿನೀರಿನ ಕೊಳವೆಗೆ ಒರಗಿಸಿಟ್ಟ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದ ಕೂಡಲೇ ಹೆನ್ನಿಂಗ್ ಬಾಲ್ಕನಿಗೆ ಓಡಿದ. ಓಡ್‌ವಾರ್ ಮಾತ್ರ ಮಂಡಿಯೂರಿ ಕೂತೇ ಇದ್ದ. ಅವನ ಕಣ್ಣು ತುಂಬಿತ್ತು.

"ಯಾಕ್ರೀ, ಘಾಟಾ?"

"ಇಲ್ಲ ಮೇಡಂ. ಊರು ನೆನಪಾಯ್ತು."

ಅದು ಅವನ ವಾಲ್ಡ್ರೆಸ್ ಕಣಿವೆಯವರು ಶರತ್ಕಾಲದಲ್ಲಿ ಉಪ್ಪು ಹಾಕಿ, ಮುಚ್ಚಿಟ್ಟು, ತಿಂಗಳುಗಟ್ಟಲೆ ಹುಳಿಸಿ, ಕ್ರಿಸ್ಮಸ್ ಹೊತ್ತಿಗೆ ಹಸಿಯಾಗಿಯೇ ತಿನ್ನುವ ಟ್ರೌಟ್ ಮೀನು. ನಾರ್ವೆಯಲ್ಲಿ ಅದಕ್ಕಿಂತ ಅಪ್ಪಟ ನಾರ್ವೆಯ ವಾಸನೆ ಇನ್ನೊಂದಿಲ್ಲ. ಏಳು ದೇಶದ ಅಡುಗೆಮನೆಗಳಲ್ಲಿ ಆರು ಒಂದೇ ಏಟಿಗೆ ನಿರ್ದೋಷಿಯಾದವು. ಎರಡನೇ ಮಹಡಿಯ ವಿಯೆಟ್ನಾಂ ಮುದುಕರು ಈ ಸುದ್ದಿ ಕೇಳಿ, ತಮ್ಮ ಮೀನಿನ ಸಾರ ಬಾಟಲಿಯಲ್ಲೇ ಮರ್ಯಾದೆಯಿಂದ ಇರುತ್ತದೆ ಎಂದು ಹೇಳಿಕೆ ಕೊಟ್ಟರು. ಕೇಳದಿದ್ದರೂ ಕೊಟ್ಟರು.

ಕಟ್ಟಡದಲ್ಲಿ ಆ ಮೀನು ತಿನ್ನುವವರು ಇಬ್ಬರೇ. ಅಧ್ಯಕ್ಷ ಸ್ವೆರ್ರೆ ತಾನು ಕಾಲಿನ ಗೌಟ್ ನೋವಿನ ಪಥ್ಯಕ್ಕಾಗಿ ಎರಡು ವರ್ಷದಿಂದ ಮೀನು ಮುಟ್ಟಿಲ್ಲವೆಂದು ವೈದ್ಯರ ಚೀಟಿ ತೋರಿಸಿದ. ಉಳಿದವರು ಎದುರು ಮನೆಯ ಗುಡ್ರುನ್ ಮೂಎನ್. ವಯಸ್ಸು ಎಪ್ಪತ್ತೊಂಬತ್ತು, ಒಂಟಿ. ಹೊದನ್ ರಾತ್ರಿ ಪಾಳಿಗೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಅವರೇ. ಹಾಗಾಗಿ ಮನೆಯ ಇನ್ನೊಂದು ಬೀಗದ ಕೈ ಅವರ ಬಳಿ ಇತ್ತು. ಈ ಮಾತು ಹೇಳುವಾಗಲೂ ಹೊದನ್‌ಗೆ ಅನುಮಾನ ಬರಲಿಲ್ಲ. ಅಜ್ಜಿಗೆ ಮಂಡಿನೋವು, ಸಿಂಕಿನ ಕೆಳಗೆ ಹೇಗೆ ಬಗ್ಗುತ್ತಾರೆ ಎಂದು ಅವಳೇ ವಾದಿಸಿದಳು.

ಗುಡ್ರುನ್ ಅಜ್ಜಿ ಪೊಲೀಸರನ್ನು ಒಳಗೆ ಕರೆದು ಕೂರಿಸಿದರು. ಕಾಫಿ ಬಂತು. ಕಾಫಿಯ ಜೊತೆ ಏನಾದರೂ ಇಡದೆ ಬರಿಯ ಕಾಫಿ ಕೊಡುವುದು ಅವರ ಕಾಲದವರಿಗೆ ಆಗಿಬರುವುದಿಲ್ಲ. ತಟ್ಟೆಯಲ್ಲಿ ಬನ್ನು ಬಂತು. ಓಡ್‌ವಾರ್ ಒಂದನ್ನು ಎತ್ತಿ ಕಚ್ಚಿದ. ಕಟ್ ಅಂತ ಸದ್ದಾಯಿತು. ಅವನು ದವಡೆ ಹಿಡಿದುಕೊಂಡ.

"ಮೇಡಂ," ಅಂದ ನಿಧಾನಕ್ಕೆ, "ಇದು ಹನ್ನೊಂದು ಮನೆ ಕಂಡ ಬನ್ನು."

ಇನ್‌ಸ್ಪೆಕ್ಟರ್ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಅಜ್ಜೀ, ಇದು ಎಲ್ಲಿಂದ ಬಂತು?"

"ಓವನ್‌ನಿಂದ."

"ಯಾರ ಓವನ್‌ನಿಂದ?"

"ಕಾಫೀಲಿ ಅದ್ಕೊಂಡು ತಿನ್ನಿ, ಮೆತ್ತಗಾಗುತ್ತೆ," ಅಂದರು ಅಜ್ಜಿ. ಆಮೇಲೆ, "ಬಿಸಾಕಕ್ಕೆ ಮನಸ್ಸು ಬರಲಿಲ್ಲ ಕಣಮ್ಮ."

ಕದ್ದವರು ಸಿಕ್ಕಿಬೀಳುವುದು ಆಸೆಯಿಂದ, ಭಯದಿಂದ. ಅಜ್ಜಿ ಸಿಕ್ಕಿಬಿದ್ದದ್ದು ಉಳಿತಾಯದಿಂದ. ಮಾಲು ನಾಲ್ಕರಲ್ಲಿ ಮೂರೂಮುಕ್ಕಾಲು ಜಪ್ತಿಯಾಯಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅಜ್ಜಿ ಏನನ್ನೂ ಮುಚ್ಚಿಡಲಿಲ್ಲ. ಬೆಲೆ ಮೂವತ್ತೊಂದಕ್ಕೆ ಇಳಿಯುವವರೆಗೆ ಮೀನು ಇಡುವುದು, ಇಳಿದ ಮೇಲೆ ತೆಗೆಯುವುದು, ಇಷ್ಟೇ ಯೋಜನೆ. ಹೊದನ್‌ಗೆ ಗೊತ್ತಿಲ್ಲ, ಗೊತ್ತಾಗಬಾರದು. ಬ್ಲೀಚು ಹಾಕಿ ಉಜ್ಜುತ್ತಾಳೆಂದು ಮಾತ್ರ ತಾನು ಎಣಿಸಿರಲಿಲ್ಲ ಎಂದರು.

ಅಷ್ಟರಲ್ಲಿ ಹೆನ್ನಿಂಗ್‌ನ ಫೋನು ಬಂತು. ಟ್ರೋಮ್ಸೋದ ಮಾಲೀಕನಿಗೆ ಸಾಕಾಗಿಹೋಗಿತ್ತು. ಹೊದನ್‌ಳ ಮೂವತ್ತೊಂದು ಲಕ್ಷಕ್ಕೆ ಒಪ್ಪಿಬಿಟ್ಟಿದ್ದ. ಇಲ್ಲಿ ಬಿಡ್ ಒಪ್ಪಿದ ಮೇಲೆ ಮಾತು ಮಾತೇ, ಹಿಂದೆ ಸರಿಯುವಂತಿಲ್ಲ. ಅಜ್ಜಿ ಎರಡೂ ಮುಂಗೈ ಜೋಡಿಸಿ ಮೇಜಿನ ಮೇಲಿಟ್ಟರು.

"ಹಾಕಮ್ಮ ಬೇಡಿ. ಎಷ್ಟು ವರ್ಷ ಹಾಕ್ತೀಯೋ ಹಾಕು."

ಫೋನು ಇನ್ನೂ ಮುಗಿದಿರಲಿಲ್ಲ. ಸೊಸೈಟಿಯ ಮನೆ ಮಾರಾಟವಾದರೆ ಸದಸ್ಯರಲ್ಲಿ ಹಳಬರಿಗೆ ಮೊದಲ ಹಕ್ಕು. ಹೊರಗಿನವರು ಗೆದ್ದ ಬೆಲೆಗೇ ಅವರು ಮನೆಯನ್ನು ಎತ್ತಿಕೊಳ್ಳಬಹುದು. ನಲವತ್ತೆರಡು ಲಕ್ಷವಿದ್ದಾಗ ಯಾರಿಗೂ ನೆನಪಾಗದ ಈ ಹಕ್ಕು, ಮೂವತ್ತೊಂದಾದ ಕೂಡಲೇ ಅಧ್ಯಕ್ಷ ಸ್ವೆರ್ರೆಗೆ ನೆನಪಾಗಿತ್ತು. ಮೂವತ್ತೊಂದು ವರ್ಷದ ಸದಸ್ಯ. ಹಕ್ಕನ್ನು ಮಗಳ ಹೆಸರಿಗೆ ಬರೆದು ಅರ್ಜಿ ಕೊಟ್ಟಾಗಿತ್ತು. ಮಗಳಿರುವುದು ಸ್ಪೇನಿನಲ್ಲಿ.

ಅಜ್ಜಿ ಎದ್ದು ನಿಂತರು. "ನಾನು ನಲವತ್ತೇಳು ವರ್ಷದ ಸದಸ್ಯೆ. ಅವನಿಗಿಂತ ಹಳಬಳು. ನನ್ನ ಹಕ್ಕು ಹೊದನ್‌ಗೆ ಕೊಡ್ತೀನಿ, ಬರ್ಕೋ."

ಇನ್‌ಸ್ಪೆಕ್ಟರ್ ನಿಯಮ ತೆಗೆಸಿ ಓದಿದರು. ಹಕ್ಕು ಕೊಡಬಹುದು. ಯಾರಿಗೆ? ಹೆತ್ತವರಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ, ಒಡಹುಟ್ಟಿದವರಿಗೆ, ಸಾಕಿದ ಮಕ್ಕಳಿಗೆ. ಎಲ್ಲದಕ್ಕೂ ದಾಖಲೆ ಬೇಕು.

"ಹೊದನ್ ನಿಮಗೆ ಏನಾಗಬೇಕು?"

ಅಜ್ಜಿ ನಿಯಮದ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದರು. "ನಾನೇ ಆ ಮನೆ ತಗೊಂಡು, ನನ್ನ ಮನೆ ಅವಳಿಗೆ ಮಾರಿದರೆ?"

"ಆಗ ನಿಮ್ಮ ಮನೆಗೂ ಸ್ವೆರ್ರೆ ಹಕ್ಕು ಹಾಕ್ತಾನೆ ಅಜ್ಜಿ."

ಮಧ್ಯಾಹ್ನ 3.40ಕ್ಕೆ ಬಂಧನ ದಾಖಲಾಯಿತು. ಅನುಮತಿಯಿಲ್ಲದೆ ಮೀನು ಇಟ್ಟದ್ದು, ನಾಲ್ಕು ಬನ್ನು ಕದ್ದದ್ದು. ಜಾಮೀನು ಅಲ್ಲೇ ಸಿಗುವಂಥದ್ದು. ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಓಡ್‌ವಾರ್ ಕೇಳಿದ. ಗಂಡ ಹೋಗಿ ಹನ್ನೆರಡು ವರ್ಷ, ಮಕ್ಕಳಿಲ್ಲ, ತನ್ನ ಬಾಗಿಲನ್ನು ತಟ್ಟದೆ ತೆಗೆದು ಒಳಗೆ ಬರುವವರು ಈ ಊರಿನಲ್ಲಿ ಮೂರೇ ಜನ, ಮೂವರೂ ಎದುರು ಮನೆಯವರು ಎಂದು ಆರೋಪಿ ತಿಳಿಸಿದರು. ಪ್ರಕರಣದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ಇದನ್ನೇ ಬರೆದುಕೊಂಡರು.

ಹೊದನ್ ಬಂದಳು, ಪಾಳಿಯ ಸಮವಸ್ತ್ರದಲ್ಲೇ. ಅಜ್ಜಿಯನ್ನು ನೋಡಿದವಳೇ ಶುರುಮಾಡಿದಳು.

"ನಿಂಗೆ ಬುದ್ಧಿ ಇದೆಯಾ? ಆ ಮಂಡೀಲಿ ಸಿಂಕ್ ಕೆಳಗೆ ಬಗ್ಗಿದೀಯಲ್ಲ, ಅಲ್ಲೇ ಸಿಕ್ಕಿಹಾಕ್ಕೊಂಡಿದ್ರೆ? ಬಿಪಿ ಮಾತ್ರೆ ತಗೊಂಡ್ಯಾ ಬೆಳಿಗ್ಗೆ? ಮುಖ ನೋಡಿದ್ರೇ ಗೊತ್ತಾಗುತ್ತೆ, ತಗೊಂಡಿಲ್ಲ. ನಾನು ಊರಾಚೆ ಹೋದ್ಮೇಲೆ ಯಾರು ಜ್ಞಾಪಿಸ್ತಾರೆ ನಿಂಗೆ, ಸ್ವೆರ್ರೆ ಮಗಳಾ?"

ಅಜ್ಜಿ ತಲೆ ತಗ್ಗಿಸಿ, ಬಯ್ಯಿಸಿಕೊಳ್ಳುವ ಹಕ್ಕನ್ನು ಪೂರ್ತಿಯಾಗಿ ಅನುಭವಿಸುತ್ತ ಕೂತಿದ್ದರು. ಓಡ್‌ವಾರ್ ಪೆನ್ನು ಕೆಳಗಿಟ್ಟ. ಇಬ್ಬರ ನಡುವಿನ ಸಂಬಂಧ ಯಾವುದೆಂಬ ಬಗ್ಗೆ ಠಾಣೆಯಲ್ಲಿದ್ದ ಯಾರಿಗೂ ಸಂಶಯ ಉಳಿಯಲಿಲ್ಲ. ಆದರೆ ಬೈಗುಳವನ್ನು ದಾಖಲೆಯಾಗಿ ಒಪ್ಪಿಕೊಳ್ಳುವ ಕಲಮು ಸೊಸೈಟಿಯ ಬೈಲಾದಲ್ಲಿ ಇರಲಿಲ್ಲ.