ಸಂತೆಯ ದಿನ ತಪ್ಪುವ ಗಡಿಯಾರ

ಸೋಮವಾರ ಬೆಳಿಗ್ಗೆ ಗುಡಗೇರಿ ಠಾಣೆಗೆ ಮೊಬೈಲ್ ಟವರಿನ ಎಂಜಿನಿಯರ್ ಸಲೀಮ್ ದೂರು ತಂದರು. ಪ್ರತಿ ಸಂತೆಯ ಮಧ್ಯಾಹ್ನ, ಉಪಗ್ರಹದಿಂದ ಟವರಿಗೆ ಬರುವ ವೇಳೆಯ ಸಿಗ್ನಲ್ ತಪ್ಪಿ ಊರಿನ ಫೋನುಗಳೆಲ್ಲ ಸತ್ತು ಬೀಳುತ್ತಿದ್ದವು. ಅನುಮಾನ ಯಾರ ಮೇಲೆ? ಮಾಳಿಗೆಯ ಮೇಲೆ ಆಂಟೆನಾ ನೆಟ್ಟ ಸಂಶೋಧಕಿ ಖುಷ್ಬೂ ಮೇಲೆ. ಇನ್ಸ್‌ಪೆಕ್ಟರ್ ಕುಬೇರಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಜಹೀರನೊಂದಿಗೆ ಅವಳ ಮಾಳಿಗೆ ಹತ್ತಿದರು.

"ಏನವಾ ಇದು?"

"ಬರೇ ಕೇಳೂ ಯಂತ್ರರೀ ಸಾಹೇಬ್ರ. ಉಪಗ್ರಹದ ಗೂಢಲಿಪಿ ಸಿಗ್ನಲ್‌ನಿಂದ ವೇಳೆ ತಗೀತೈತಿ."

"ಅಂದ್ರ ಗುಟ್ಟು ಕದೀತಿ!"

"ಇಲ್ರೀ! ಲಕೋಟಿ ಒಡಿಯೂದಿಲ್ಲ, ಯಾವಾಗ ಮುಟ್ಟಿತು ಅನ್ನೂದಷ್ಟ ನೋಡ್ತೀನಿ. ಒಂದ್ ಕ್ಷಣ ಬಂದ್ ಮಾಡಿದ್ರೂ ವರ್ಷದ ದುಡಿಮಿ ಮಣ್ಣಪಾಲ್ರಿ."

ಹುಡುಗಿಯ ಕಣ್ಣು ತುಂಬಿತು. ಕುಬೇರಪ್ಪ, ಸಂತೆಯ ತನಕ ಜಪ್ತಿ ಬೇಡ ಎಂದುಬಿಟ್ಟರು.

ಸಂತೆಯ ಮಧ್ಯಾಹ್ನ ಪೊಲೀಸರ ಕಣ್ಣೆದುರೇ ಅವಳ ಪರದೆಯ ಮೇಲೆ ಟವರ್ ಬಳಸುವ ಸಾಮಾನ್ಯ ಸಿಗ್ನಲಿನ ಗೆರೆ ದೊಪ್ಪನೆ ಬಿತ್ತು. ಬೇರೆ ತರಂಗಾಂತರದಲ್ಲಿ ಬರುವ ಗೂಢಲಿಪಿಯ ಗೆರೆ ಮಾತ್ರ ಅಲುಗಲಿಲ್ಲ.

"ನೋಡ್ರಿ, ನನ್ನ ಗಡಿಯಾರ ಅಗದಿ ಬರೋಬ್ಬರಿ ಐತಿ. ಹೊರಗ ಯಾರೋ ಸಿಗ್ನಲ್ ತಡಿಯೂ ಜಾಮರ್ ಹಚ್ಯಾರ!"

ಖುಷ್ಬೂ ಕೈಯಂತ್ರ ಹಿಡಿದು ಮುಂದೆ, ಪೊಲೀಸರು ಹಿಂದೆ. ಗಿರಮಿಟ್ ಅಂಗಡಿಯ ಮುಂದೆ ಜಹೀರನ ಕಾಲು ತಾನಾಗಿಯೇ ನಿಧಾನವಾಯಿತು. "ನಡೀಲೇ, ಆಮ್ಯಾಲ ತಿನ್ನೂವಂತಿ!" ಎಂದು ಸಾಹೇಬರು ಗದರಿದರು. ಒಂದು ಓಣಿಯಲ್ಲಿ ಕೈಯಂತ್ರ ತೋರಿಸುವ ಸಿಗ್ನಲ್ ಅಡಚಣೆ ವಿಪರೀತವಾಯಿತು. ಅಲ್ಲೊಂದು ಕಾಳಿನ ಪಿಕಪ್ ಗಾಡಿ. ಸಿಗರೇಟ್ ಹಚ್ಚುವ ಸಾಕೆಟ್ಟಿನಲ್ಲಿ ಜಾಮರ್ ಮಿನುಗುತ್ತಿತ್ತು. ಪಂಚರೆದುರು ಕಿತ್ತು ಪಂಚನಾಮೆ ಬರೆಯುವಷ್ಟರಲ್ಲಿ ಸತ್ತಿದ್ದ ಜಹೀರನ ಫೋನು ಹೊಡೆದುಕೊಂಡಿತು. ಸಂತೆಯಿಂದ ಉಳ್ಳಾಗಡ್ಡಿ ತರಲು ಹೆಂಡತಿ ನೆನಪಿಸುತ್ತಿದ್ದಳು. ಖುಷ್ಬೂ ಕುಣಿದಾಡಿಬಿಟ್ಟಳು.

ಚಾಲಕ ಸುಭಾಸ ಬಾಜು ಮನೆಯ ಪಡಸಾಲೆಯಲ್ಲಿ ಅಂಗಾತ ಮಲಗಿದ್ದ. ಎದೆಯ ಮೇಲೆ ಹಸಿಗೂಸು ನಿದ್ದೆಹೋಗಿತ್ತು.

"ಯಾಕ ಹಚ್ಚಿದ್ದಿ?"

"ಗಾಡಿ ಎಲ್ಲಿ ನಿಂತೈತಿ ಅಂತ ಮಾಲಕರು ಜಿಪಿಎಸ್ ಹಚ್ಚಿ ಫೋನಿನ್ಯಾಗ ನೋಡ್ತಾರ್ರಿ," ಸುಭಾಸ ಪಿಸುಗುಟ್ಟಿದ. "ಹೆಂಡ್ತಿ ಬಾಣಂತನಕ್ಕ ತವರಿಗೆ ಬಂದಾಳ. ರಜಾ ಕೊಡವಲ್ರು. ಮಗಳ ಮಾರಿ ನೋಡಬೇಕಂದ್ರ ಇದೊಂದ ದಾರಿ ಇತ್ರೀ."

"ಊರಿನ ಫೋನೆಲ್ಲ ಕೆಡಿಸೀಯಲ್ಲೋ! ನಡಿ, ನಿನ್ನ ಬಂಧಿಸೀನಿ."

"ಬರ್ತೀನ್ರಿ. ಕೂಸು ಈಗಷ್ಟ ಕಣ್ಣ ಮುಚ್ಚೇತ್ರಿ..."

ಜಹೀರ್ ಪೆನ್ನು ತೆಗೆದ. "ಬಂಧನದ ವೇಳೆ ಏನ್ ಬರೀಲಿ ಸರ್?"

ಖುಷ್ಬೂ ಸೆಕೆಂಡಿನ ಚೂರನ್ನೂ ಬಿಡದೆ ಹೇಳತೊಡಗಿದಳು.

"ಅದು ಬ್ಯಾಡವಾ," ಕುಬೇರಪ್ಪ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕುಳಿತರು. "ಕೂಸು ಎದ್ದ ವೇಳೆ ಬರಿ."

ಕೂಸು ಆಕಳಿಸಿ, ಮುಖ ಹೊರಳಿಸಿ, ಮತ್ತೆ ಮಲಗಿತು.